ಆರಿದ್ರವೋ ಆರ್ದ್ರೆಯೋ?

ದೊಡ್ಡಬಳ್ಳಾಪುರದ ಸೀಮೆಯಲ್ಲಿ ಉಪಾಧ್ಯಾಯವೃತ್ತಿಯನ್ನು ಕೈಕೊಂಡ ಹೊಸತರಲ್ಲಿ ನಾವು ಒಂದು ಅಪರಾಧವನ್ನು ಮಾಡಿದೆವು. ಒಕ್ಕಲುಮನೆಯ ಹುಡುಗನೊಬ್ಬನು ತರಗತಿಯಲ್ಲಿ “ಆದರೆ ಆರಿದ್ರ, ಇಲ್ಲದಿದ್ದರೆ ದರಿದ್ರ” ಎಂಬ ಗಾದೆಯನ್ನು ಹೇಳಲು, “ಆರಿದ್ರವಲ್ಲ, ಆರ್ದ್ರಾ ಎನ್ನಬೇಕು” ಎಂದು ತಿದ್ದಿದೆವು. ಹುಡುಗನು ವಿಧೇಯನಾಗಿ ಹಾಗೆಯೇ ಹೇಳಿದನು. ಪ್ರಾಸವು ಮುರಿದುಹೋಯಿತು, ತರಗತಿಯೆಲ್ಲ ನಕ್ಕಿತು. ಆ ವರ್ಷವೆಲ್ಲ ಅವನು ನಮ್ಮೆದುರಿಗೆ ಮತ್ತೊಂದು ಗಾದೆಯನ್ನು ಆಡಲಿಲ್ಲ.

ಆರ್ದ್ರಾ ಎಂದರೆ ತೇವವುಳ್ಳದ್ದು ಎಂಬ ಅರ್ಥವು ನಮಗೆ ಗೊತ್ತಿದ್ದಿತು. ಆ ಮಳೆಯಲ್ಲಿ ಮಾಡತಕ್ಕ ಕೆಲಸವು ಹುಡುಗನಿಗೆ ಗೊತ್ತಿದ್ದಿತು. ಸೂರ್ಯನು ಒಂದೊಂದು ನಕ್ಷತ್ರದಲ್ಲಿ 13-14 ದಿವಸಗಳಿರುವನಷ್ಟೆ. ಆ ಅವಧಿಯಲ್ಲಿ ಸುರಿಯುವ ಮಳೆಗೆ ಆ ನಕ್ಷತ್ರದ ಹೆಸರೇ ಸಲ್ಲುವುದು. ಜೂನ್ 22ರ ಸುಮಾರಿಗೆ ಆರಿದ್ರದ ಮಳೆ ಹೂಡುವುದು. ಹೊಲವು ಹದವಾಗಿ, ರಾಗಿಯ ಬಿತ್ತನೆಗೆ ಮನಸ್ಸು ಅಣಿಯಾಗುವುದು. ಆಗಸ್ಟ್ 17ರ ಸುಮಾರಿಗೆ ಮಗೆ. “ಬಂದರೆ ಮಗೆ, ಹೋದರೆ ಹೊಗೆ” ಎನ್ನುವರು. ಇಲ್ಲಿಯೂ ಮಘಾ ಎಂದು ತಿದ್ದಿದರೆ ಹೊಗೆಗೆ ಜೊತೆ ಯಾವುದು? 13ನೆಯ ಶತಮಾನದ ಕೇಶಿರಾಜನು ತನ್ನ ವ್ಯಾಕರಣದಲ್ಲಿ ಅಪಭ್ರಂಶಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟಿರುವನು. ಅದನ್ನು ಓದಿ ಪಾಸಾದ ನಮಗೆ, ಹುಡುಗನ ಬಾಯಲ್ಲಿದ್ದ ತದ್ಭವವು ತಪ್ಪಾಗಿ ಕೇಳಿಸಿದುದು ಆಶ್ಚರ್ಯವೇ ಸರಿ.

ಹಾಗೆಂದು ಗಾದೆಯೆಲ್ಲ ವೇದವಾಕ್ಯವೆಂದು ನಾವು ಹೇಳೆವು. ಈ ಸೀಮೆಗೆ ಹೆಚ್ಚಿನ ಮಳೆಯು ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿಯೇ ಬೀಳುವುದು. ಆರಿದ್ರವು ತಪ್ಪಿದ ಮಾತ್ರಕ್ಕೆ ಒಕ್ಕಲಿಗನು ಕೈಕಟ್ಟಿ ಕುಳಿತುಕೊಳ್ಳನು. ಬೇಗ ಮಾಗುವ ರಾಗಿಯನ್ನೋ, ಅದೂ ಸಾಗದಿದ್ದರೆ ಹುರುಳಿಯನ್ನೋ ಬಿತ್ತುವನು. ದಾರಿದ್ರ್ಯದ ಹೆದರಿಕೆಯು ಅವನನ್ನು ಹೊತ್ತಿಗೆ ಮುಂಚೆ ನೇಗಿಲ ಬಳಿಗೆ ಎಬ್ಬಿಸಿದರೆ ಅಷ್ಟೇ ಸಾಕು.

2008ರಲ್ಲಿ ದೇವನಹಳ್ಳಿಯ ವಿಮಾನನಿಲ್ದಾಣವು ಆರಂಭವಾದ ಮೇಲೆ ಸುತ್ತಣ ಹೊಲಗಳು ಎಷ್ಟೋ ನಿವೇಶನಗಳಾದುವು. ಬಿತ್ತುವವರಿಲ್ಲದ ಕಡೆ ಮಳೆಯ ಹೆಸರನ್ನು ಕೇಳುವವರಾರು? ಆದರೂ ಆ ಹಳೆಯ ವಿದ್ಯಾರ್ಥಿಯು ಎರಡು ಎಕರೆಯನ್ನು ಮಾರದೆ ಉಳಿಸಿಕೊಂಡಿರುವನು. ಹೋದ ವರ್ಷ ಅವನ ಮನೆಗೆ ಹೋಗಿದ್ದೆವು. ಮೋಡ ಕವಿದಿದ್ದಿತು. ಅವನ ಚಿಕ್ಕ ಮಗಳು ಅಜ್ಜಿಯಿಂದ ಕಲಿತ ಗಾದೆಯನ್ನು ರಾಗವಾಗಿ ಹೇಳುತ್ತ ಜಗುಲಿಯ ಮೇಲೆ ಕುಣಿಯುತ್ತಿದ್ದಳು. ಅವನು ನಮ್ಮ ಮುಖವನ್ನು ನೋಡಿ ನಾಚಿ, “ಆರಿದ್ರ ಅನ್ನಬಾರದಮ್ಮ, ಆರ್ದ್ರಾ ಅನ್ನಬೇಕು, ನಮ್ಮ ಮೇಷ್ಟ್ರು ಹಂಗೇ ಹೇಳ್ಕೊಟ್ಟವ್ರೆ” ಎಂದನು.

ಮಗುವು ಕುಣಿತವನ್ನು ನಿಲ್ಲಿಸಿತು. “ಬೇಡಮ್ಮ, ನಿನ್ನ ಅಜ್ಜಿ ಹೇಳಿದಂತೆಯೇ ಹೇಳು” ಎಂದೆವು. ಅದು ತಂದೆಯನ್ನೊಮ್ಮೆ, ನಮ್ಮನ್ನೊಮ್ಮೆ ನೋಡಿ ಒಳಗೆ ಓಡಿಹೋಯಿತು.