ಸೊರಗಿದ ಕೈ, ಜೊತೆಗೆ ನಿಂತ ಗೆಳೆಯರು

ನಮ್ಮ ವಠಾರದ ಮೂರನೆಯ ಮನೆಯಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬ ಇದ್ದಾನೆ. ಹುಟ್ಟಿದಾಗಿನಿಂದಲೇ ಅವನ ಬಲಗೈಗೆ ಶಕ್ತಿ ಕಡಿಮೆ. ಸಂಜೆಯಾದರೆ ಓಣಿಯ ಹುಡುಗರೆಲ್ಲ ಬ್ಯಾಟು, ಚೆಂಡು ಹಿಡಿದು ಬೀದಿಗಿಳಿಯುತ್ತಾರೆ. ಇವನು ಮಾತ್ರ ಜಗುಲಿಯ ಮೇಲೆ ಕೂತು ನೋಟ್‌ಬುಕ್ಕಿನಲ್ಲಿ ಯಾರು ಎಷ್ಟು ರನ್ ಹೊಡೆದರು ಅಂತ ಬರೆಯುತ್ತಾನೆ. "ಆಡೋಕೆ ಕಳಿಸಿದ್ರೆ ಬಿದ್ದುಗಿದ್ದು ಇರೋ ಕೈನೂ ಹಾಳು ಮಾಡ್ಕೊಂಡಾನು ಅಕ್ಕಾ" ಎಂದು ಅವನ ತಾಯಿ ನನ್ನ ಹತ್ತಿರ ಒಂದೆರಡು ಸಲ ಹೇಳಿದ್ದಳು. "ನಿಜ ಕಣಮ್ಮ, ಹುಷಾರಾಗಿರೋದೇ ಒಳ್ಳೇದು" ಎಂದು ನಾನೂ ತಲೆಯಾಡಿಸಿದವಳೇ.

ಮೊನ್ನೆ ಈ ಮಾತು ವರಾಂಡದಲ್ಲಿ ಪೇಪರ್ ಓದುತ್ತಿದ್ದ ನಮ್ಮ ಮಾವನವರ ಕಿವಿಗೆ ಬಿತ್ತು. ಅವಳು ಅತ್ತ ಹೋದಮೇಲೆ ಕನ್ನಡಕ ತೆಗೆದು, "ನೋಡಮ್ಮ, ಚಂದ್ರನ ಮನೆಯವರೂ ಹೀಗೇ ಜಗುಲಿ ಮೇಲೆ ಕೂರಿಸಿದ್ದಿದ್ರೆ ಓವಲ್‌ನಲ್ಲಿ ಬೌಲಿಂಗ್ ಮಾಡ್ತಿದ್ದವರು ಯಾರು?" ಅಂದರು. ನನಗೆ ಥಟ್ಟನೆ ಅರ್ಥವಾಗಲಿಲ್ಲ. ಕ್ರಿಕೆಟ್ ಎಂದರೆ ಟೀವಿಯಲ್ಲಿ ನನ್ನ ಧಾರಾವಾಹಿಯ ಹೊತ್ತನ್ನು ತಿಂದುಹಾಕುವ ಆಟ ಎಂದಷ್ಟೇ ತಿಳಿದವಳು ನಾನು. ಅಂದು ರಾತ್ರಿ ಊಟವಾದಮೇಲೆ ಮಾವನವರು ಹೇಳಿದ್ದು, ಆಮೇಲೆ ಮಗಳ ಕೈಲಿ ಹುಡುಕಿಸಿ ನಾನು ಓದಿದ್ದು ಎರಡನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಭಾಗವತ ಸುಬ್ರಹ್ಮಣ್ಯ ಚಂದ್ರಶೇಖರ್ ಹುಟ್ಟಿದ್ದು 1945ರ ಮೇ 17ರಂದು, ನಮ್ಮ ಮೈಸೂರಿನಲ್ಲಿ. ಇನ್ನೂ ಐದಾರು ವರ್ಷದ ಮಗುವಾಗಿದ್ದಾಗಲೇ ಪೋಲಿಯೊ ಬಂತು. ಆಗ ಪೋಲಿಯೊಗೆ ಲಸಿಕೆಯೇ ಇರಲಿಲ್ಲ. ಅಮೆರಿಕದಲ್ಲಿ ಮೊದಲ ಲಸಿಕೆಗೆ ಒಪ್ಪಿಗೆ ಸಿಕ್ಕಿದ್ದೇ 1955ರಲ್ಲಿ. ಜ್ವರ ಬಿಟ್ಟುಹೋಯಿತು, ಬಲಗೈ ಸೊರಗಿಹೋಯಿತು. ಎಡಗೈಗೂ ಬಲಗೈಗೂ ಅಜಗಜಾಂತರ. ಆ ಕಾಲದಲ್ಲಿ ಒಂದು ಮನೆಗೆ ಇದು ಎಂಥ ಪೆಟ್ಟು ಅನ್ನುವುದನ್ನು ಊಹಿಸಿಕೊಳ್ಳಿ. ಗಂಡು ಹುಡುಗ, ಅದರಲ್ಲೂ ಬಲಗೈ. ಬರೆಯುವುದು, ಉಣ್ಣುವುದು, ನಾಳೆ ದುಡಿದು ತಿನ್ನುವುದು ಎಲ್ಲಕ್ಕೂ ಆ ಕೈಯೇ ಬೇಕು. ನಾವಾಗಿದ್ದರೆ ಹರಕೆಯ ಮೇಲೆ ಹರಕೆ ಹೊತ್ತು ಹುಡುಗನನ್ನು ಮಡಿಲಲ್ಲೇ ಇಟ್ಟುಕೊಂಡುಬಿಡುತ್ತಿದ್ದೆವೇನೋ.

ಸಂಸಾರ ಬೆಂಗಳೂರಿಗೆ ಬಂತು. ಹತ್ತು ವರ್ಷವಾಗುವ ಹೊತ್ತಿಗೆ ಕೈ ತಕ್ಕಮಟ್ಟಿಗೆ ಚೇತರಿಸಿಕೊಂಡಿತ್ತು. ಹುಡುಗ ಬೀದಿಯ ಹುಡುಗರ ಜೊತೆ ರಬ್ಬರ್ ಚೆಂಡಿನಲ್ಲಿ ಆಡಲು ಶುರುಮಾಡಿದ. ಮುಂದೆ ಸಿಟಿ ಕ್ರಿಕೆಟರ್ಸ್ ಎಂಬ ಕ್ಲಬ್ಬಿಗೆ ಸೇರಿದ. ಅಷ್ಟು ದೂರದಿಂದ ಚೆಂಡು ಎಸೆಯಬೇಕೆಂದರೆ ಬಲಗೈಯಲ್ಲಿ ತಾಕತ್ತಿಲ್ಲ. ಸರಿ, ಚೆಂಡು ಎಸೆಯುವುದನ್ನು ಎಡಗೈಗೆ ಕಲಿಸಿಕೊಂಡ. ಬೌಲಿಂಗ್ ಮಾತ್ರ ಅದೇ ಸೊರಗಿದ ಬಲಗೈಯಲ್ಲಿ! ದೇಶಕ್ಕೆ ಆಡುವ ಕಾಲಕ್ಕೂ ಹಾಗೆಯೇ, ಬೌಲಿಂಗ್ ಬಲಗೈ, ಎಸೆತ ಎಡಗೈ. ನನಗೆ ಇಡೀ ಕಥೆಯಲ್ಲಿ ಬಹಳ ಹಿಡಿಸಿದ್ದು ಈ ವಿಷಯ. ಸಾಮಾನ್ಯವಾಗಿ ನಾವು ಊನವಾದ ಕೈಯನ್ನು ಸೆರಗಿನಡಿ ಮುಚ್ಚಿ, ನೆಟ್ಟಗಿರುವ ಕೈಯಿಂದ ಕೆಲಸ ತೆಗೆಯುತ್ತೇವೆ. ಈತ ಮುಖ್ಯ ಕೆಲಸವನ್ನೇ ಬಡಕಲು ಕೈಗೆ ಒಪ್ಪಿಸಿದರು.

ಅದು ಹೇಗೆ ಸಾಧ್ಯ ಅಂತ ಮಾವನವರನ್ನು ಕೇಳಿದೆ. ಅವರು ಹೇಳಿದ್ದು ನನಗೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅರ್ಥವಾಯಿತು. ಒದ್ದೆ ಜಮಖಾನ ಕೊಡವಿದರೆ ದಪ್ಪಗೆ ಸದ್ದು ಮಾಡಿ ಸುಮ್ಮನಾಗುತ್ತದೆ. ತೆಳ್ಳಗಿನ ಟವೆಲ್ಲು ಕೊಡವಿ ನೋಡಿ, ಚಾಟಿಯ ಹಾಗೆ 'ಛಟೀರ್' ಅನ್ನುತ್ತದೆ. ಚಂದ್ರಶೇಖರರ ತೆಳುವಾದ ಕೈ, ಬಳುಕುವ ಮಣಿಕಟ್ಟು ಹಾಗೆ ಚಾಟಿಯಂತೆ ಬೀಸುತ್ತಿತ್ತಂತೆ. ಲೆಗ್ ಸ್ಪಿನ್ ಎಂದರೆ ಬುಗುರಿಯಂತೆ ತಿರುಗಿಸಿ ನಿಧಾನಕ್ಕೆ ಹಾಕುವ ಚೆಂಡು ತಾನೆ? ಇವರದು ತಿರುಗುತ್ತಲೂ ಇತ್ತು, ವೇಗವಾಗಿ ನುಗ್ಗುತ್ತಲೂ ಇತ್ತು. ಎದುರಿಗಿದ್ದವನು ಬ್ಯಾಟು ಎತ್ತಿ ಯೋಚಿಸುವುದರೊಳಗೆ ಹಿಂದೆ ವಿಕೆಟ್ಟು ಬಿದ್ದಿರುತ್ತಿತ್ತು. 1964ರ ಜನವರಿಯಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಟೆಸ್ಟ್ ಆಡಿದಾಗ ಅವರಿಗೆ ಹದಿನೆಂಟೇ ವರ್ಷ.

ದಾರಿ ಹೂವಿನ ಹಾಸಿಗೆಯಾಗಿತ್ತು ಎಂದುಕೊಳ್ಳಬೇಡಿ. 1967-68ರಲ್ಲಿ ಆಸ್ಟ್ರೇಲಿಯಾ ಪ್ರವಾಸದ ಮಧ್ಯೆ ಗಾಯವಾಗಿ ಮನೆಗೆ ಮರಳಬೇಕಾಯಿತು. ಆಮೇಲೆ ಮೂರು ವರ್ಷಕ್ಕೂ ಮಿಕ್ಕಿ ತಂಡದಿಂದ ಹೊರಗೆ. 1971ರ ಆರಂಭದಲ್ಲಿ ವೆಸ್ಟ್ ಇಂಡೀಸಿಗೆ ಹೋಗಿ ಸರಣಿ ಗೆದ್ದುಬಂದ ತಂಡದಲ್ಲೂ ಅವರಿರಲಿಲ್ಲ. ಅದೇ ವರ್ಷ ಬೇಸಿಗೆಯ ಇಂಗ್ಲೆಂಡ್ ಪ್ರವಾಸಕ್ಕೆ ಮತ್ತೆ ಕರೆ ಬಂತು.

ಇನ್ನು ಓವಲ್ ಕಥೆ. ಲಂಡನ್ನಿನ ಆ ಮೈದಾನದಲ್ಲಿ ಆಗಸ್ಟ್ 19ಕ್ಕೆ ಮೂರನೆಯ ಟೆಸ್ಟ್ ಶುರುವಾಯಿತು. ಅಲ್ಲಿಯವರೆಗೆ ಇಂಗ್ಲೆಂಡಿನ ನೆಲದಲ್ಲಿ ಭಾರತ ಒಂದು ಟೆಸ್ಟನ್ನೂ ಗೆದ್ದಿರಲಿಲ್ಲ. ಮೊದಲ ಸರದಿಯಲ್ಲಿ ಅವರು 355 ಹೊಡೆದರು, ನಮ್ಮವರು 284. ಮಧ್ಯೆ ಒಂದು ದಿನ ಮಳೆಯ ಪಾಲು. 23ನೇ ತಾರೀಕು ಸೋಮವಾರ ಚಂದ್ರಶೇಖರ್ ಕೈಗೆ ಚೆಂಡು ಬಂತು.

ಮೊದಲ ವಿಕೆಟ್ಟಿನದೇ ಒಂದು ತಮಾಷೆ. ದಾಂಡಿಗ ಹೊಡೆದ ಚೆಂಡು ಚಂದ್ರಶೇಖರರ ಕೈಗೆ ತಗುಲಿ ತಿರುಗಿ, ಅವರ ಪಕ್ಕದ ವಿಕೆಟ್ಟಿಗೇ ಬಿತ್ತು. ಅಷ್ಟರಲ್ಲಿ ಆ ತುದಿಯ ಜೇಮ್ಸನ್ ಗೆರೆ ದಾಟಿ ಮುಂದೆ ಬಂದಿದ್ದರು, ರನ್ ಔಟ್! ಆಮೇಲೆ ಬಂದವರು ಜಾನ್ ಎಡ್ರಿಚ್. ಆ ವರ್ಷ ಇಂಗ್ಲೆಂಡಿನ ಡರ್ಬಿ ಗೆದ್ದಿದ್ದ ಕುದುರೆಯ ಹೆಸರು ಮಿಲ್ ರೀಫ್. ಚಂದ್ರಶೇಖರರ ವೇಗದ ಚೆಂಡಿಗೆ ಗೆಳೆಯರು ತಮ್ಮತಮ್ಮಲ್ಲೇ ಆ ಕುದುರೆಯ ಹೆಸರಿಟ್ಟಿದ್ದರು. ಚಂದ್ರ ಓಡಲು ತಯಾರಾಗುತ್ತಿದ್ದಾಗ ದಿಲೀಪ್ ಸರ್ದೇಸಾಯಿ, ಇವನಿಗೆ ಮಿಲ್ ರೀಫ್ ಹಾಕು ಎಂದು ಕೂಗಿದರಂತೆ. ಗೆಳೆಯನ ಮಾತು ಕೇಳಿ ಹಾಕಿದರು. ಎಡ್ರಿಚ್ ಬ್ಯಾಟು ಕೆಳಗಿಳಿಸುವಷ್ಟರಲ್ಲಿ ವಿಕೆಟ್ಟು ಹಾರಿತ್ತು. ಮರುಚೆಂಡಿಗೇ ಫ್ಲೆಚರ್ ಔಟ್, ಕ್ಯಾಚ್ ಹಿಡಿದವರು ಏಕನಾಥ ಸೋಲ್ಕರ್.

ಈ ಸೋಲ್ಕರ್ ಬಗ್ಗೆ ಒಂದು ಮಾತು ಹೇಳಲೇಬೇಕು. ಮುಂಬಯಿಯ ಮೈದಾನವೊಂದರ ಕೆಲಸಗಾರರ ಮಗ. ದಾಂಡಿಗನಿಗೆ ಕೈಚಾಚಿದರೆ ಸಿಗುವಷ್ಟು ಹತ್ತಿರ ಬಗ್ಗಿ ನಿಲ್ಲುತ್ತಿದ್ದರು. ತಲೆಗೆ ಶಿರಸ್ತ್ರಾಣ ಇಲ್ಲದ ಕಾಲ ಅದು. ಚಂದ್ರಶೇಖರ್ ಒಂದು ಚೆಂಡು ತಪ್ಪಿ ಹಾಕಿದರೆ ದಾಂಡಿಗ ಬೀಸುವ ಪೆಟ್ಟು ನೇರವಾಗಿ ಸೋಲ್ಕರ್ ಮುಖಕ್ಕೆ. ಪೋಲಿಯೊ ಬಂದ ಕೈ, ಚೆಂಡು ಎತ್ತ ಹೋಗುತ್ತದೋ ಎಂಬ ಅಳುಕಿದ್ದರೆ ಅಲ್ಲಿ ನಿಲ್ಲಲು ಆಗುತ್ತಿತ್ತೆ? ನಾವು ನಮ್ಮ ಮಕ್ಕಳ ಕೈಗೆ ಒಂದು ಕುದಿಯುವ ಸಾರಿನ ಪಾತ್ರೆ ಕೊಡಲು ಹೆದರುತ್ತೇವೆ. ಇವರು ಗೆಳೆಯನ ಕೈ ನಂಬಿ ಮುಖವನ್ನೇ ಒಡ್ಡಿ ನಿಂತಿದ್ದರು. ಗೆಳೆತನ ಎಂದು ನಾವು ಬಾಯಲ್ಲಿ ಹೇಳುವುದೆಲ್ಲ ಇದರ ಮುಂದೆ ಎಷ್ಟರದು?

ಇಂಗ್ಲೆಂಡ್ 101ಕ್ಕೆ ಮುದುಡಿಕೊಂಡಿತು. ಚಂದ್ರಶೇಖರ್ 38 ರನ್ ಕೊಟ್ಟು 6 ವಿಕೆಟ್ ಪಡೆದಿದ್ದರು.

ಗೆಲ್ಲಲು ಬೇಕಾಗಿದ್ದು 173. ಮರುದಿನ 24, ಗಣೇಶ ಚೌತಿ. ಲಂಡನ್ನಿನಲ್ಲಿದ್ದ ನಮ್ಮ ಜನ ಚೆಸಿಂಗ್ಟನ್ ಮೃಗಾಲಯದಿಂದ ಬೆಲ್ಲಾ ಎಂಬ ಆನೆಯನ್ನು ಕರೆತಂದು ಮೈದಾನದಲ್ಲಿ ಮೆರವಣಿಗೆ ಮಾಡಿಸಿದರಂತೆ! ಓದಿ ನಗು ಬಂತು, ಕಣ್ಣೂ ಒದ್ದೆಯಾಯಿತು. ಅವತ್ತು ಒಂದು ತುದಿ ಕಚ್ಚಿ ಹಿಡಿದು ನಿಂತವರು ನಮ್ಮ ಭದ್ರಾವತಿಯ ಗುಂಡಪ್ಪ ವಿಶ್ವನಾಥ್. ಸುಮಾರು ಮೂರು ಗಂಟೆ ನಿಂತು ಹೊಡೆದದ್ದು 33 ರನ್ ಮಾತ್ರ. ಅವರ ಚೆಂದದ ಹೊಡೆತಗಳನ್ನು ನೋಡಿದವರಿಗೆ ಇದು ವಿಶ್ವನಾಥರ ಆಟವೇ ಅಲ್ಲ ಅನ್ನಿಸಬಹುದು. ಆದರೆ ಗೆಳೆಯ ಹಿಂದಿನ ದಿನ ಗಳಿಸಿಟ್ಟದ್ದನ್ನು ಪೋಲು ಮಾಡಲು ಅವರಿಗೆ ಮನಸ್ಸು ಬರಲಿಲ್ಲ ಎಂದೇ ನಾನು ತಿಳಿದುಕೊಂಡಿದ್ದೇನೆ. ಇನ್ನೇನು ಕೈಗೆ ಬಂತು ಅನ್ನುವಾಗ ಅವರು ಔಟಾದರು, ಆಬಿದ್ ಅಲಿ ಬಂದು ಗೆಲುವಿನ ಹೊಡೆತ ಹೊಡೆದರು. ಇಲ್ಲಿ ನಮ್ಮಲ್ಲಿ ಸಂಜೆ ಏಳು ದಾಟಿತ್ತು. ಮಾವನವರಿಗೆ ಆಗಿನ್ನೂ ಮದುವೆಯಾಗಿರಲಿಲ್ಲ. ಗಣಪತಿಗೆ ಆರತಿ ಮಾಡುತ್ತಿದ್ದ ಅವರಮ್ಮ, ರೇಡಿಯೋ ಮುಂದೆ ಇವರು ಹಾಕಿದ ಕೂಗಿಗೆ ಬೆಚ್ಚಿ ಆರತಿ ತಟ್ಟೆ ಬೀಳಿಸಿದ್ದರಂತೆ. "ಬೈಗುಳ ತಿಂದದ್ದು ಕಡುಬಿಗಿಂತ ಜಾಸ್ತಿ" ಎಂದು ಈಗಲೂ ನಗುತ್ತಾರೆ.

ಚಂದ್ರಶೇಖರರಿಗೆ ಮುಕೇಶ್ ಹಾಡೆಂದರೆ ಪ್ರಾಣ. ವಿಕೆಟ್ಟು ಬೀಳದೆ ಅವರು ಸೊಪ್ಪಗಾದಾಗ ಗವಾಸ್ಕರ್ ಪಕ್ಕದಲ್ಲಿ ಹಾದುಹೋಗುತ್ತ ಮುಕೇಶರ ಯಾವುದಾದರೂ ಹಾಡನ್ನು ಗುನುಗುತ್ತಿದ್ದರಂತೆ. 'ನಿನ್ನ ಕೈಯಲ್ಲಿ ಆಗುತ್ತೆ, ಧೈರ್ಯ ತಂದುಕೋ' ಎಂಬ ಉಪದೇಶವಿಲ್ಲ, 'ಪಾಪ' ಎಂಬ ಮರುಕವಿಲ್ಲ, ಒಂದು ಹಾಡಿನ ಸಾಲು ಅಷ್ಟೆ. ನಮ್ಮ ಕಡೆ ಅಂಗವಿಕಲ ಮಕ್ಕಳನ್ನು ಕಂಡರೆ ಮೊದಲು ಬಾಯಿಗೆ ಬರುವ ಮಾತು 'ಅಯ್ಯೋ ಪಾಪ'. ಆ ಮಗುವಿಗೂ ಕಿವಿ ಇದೆಯಲ್ಲ!

1973ರ ನವೆಂಬರ್ 1ರಂದು ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು. ಅದೇ ಋತುವಿನಲ್ಲಿ ರಣಜಿ ಟ್ರೋಫಿಯೂ ಮೊದಲ ಬಾರಿಗೆ ನಮ್ಮ ಮನೆಗೆ ಬಂತು. ಹದಿನೈದು ವರ್ಷ ಸತತವಾಗಿ ಗೆದ್ದಿದ್ದ ಮುಂಬಯಿಯನ್ನು ಬೆಂಗಳೂರಿನ ಸೆಮಿಫೈನಲ್ಲಿನಲ್ಲಿ ಹಿಂದಿಕ್ಕಿ, ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿದರು. ಪ್ರಸನ್ನ ನಾಯಕರು, ಜೊತೆಗೆ ವಿಶ್ವನಾಥ್, ಚಂದ್ರಶೇಖರ್. ಎರಾಪಳ್ಳಿ ಪ್ರಸನ್ನ ಸ್ವತಃ ದೊಡ್ಡ ಬೌಲರು. ಒಂದೇ ಊರಿನ ಇಬ್ಬರು ಬೌಲರುಗಳ ಮಧ್ಯೆ ಮತ್ಸರ ಹುಟ್ಟಬಹುದಾಗಿತ್ತು. ಓರಗಿತ್ತಿಯರ ಸಂಗತಿ ನಮಗೆ ಗೊತ್ತಿಲ್ಲವೆ! ಆದರೆ 1976ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಗೆದ್ದಾಗ ಒಂದು ಸರದಿಯಲ್ಲಿ ಚಂದ್ರಶೇಖರರಿಗೆ ಆರು ವಿಕೆಟ್, ಇನ್ನೊಂದರಲ್ಲಿ ಪ್ರಸನ್ನರಿಗೆ ಎಂಟು.

ಬ್ಯಾಟಿಂಗ್ ವಿಷಯಕ್ಕೆ ಬಂದರೆ ನಗಬೇಕು. 58 ಟೆಸ್ಟುಗಳಲ್ಲಿ ಪಡೆದ ವಿಕೆಟ್ 242, ಹೊಡೆದ ರನ್ ಬರೀ 167! 1977-78ರ ಆಸ್ಟ್ರೇಲಿಯಾ ಪ್ರವಾಸದಲ್ಲಿ ಸೊನ್ನೆಯ ಮೇಲೆ ಸೊನ್ನೆ ಹೊಡೆದದ್ದಕ್ಕೆ ಅಲ್ಲಿನ ಬ್ಯಾಟು ಕಂಪನಿಯೊಂದು ನಡುವೆ ತೂತು ಕೊರೆದ ಬ್ಯಾಟನ್ನು ಉಡುಗೊರೆ ಕೊಟ್ಟಿತಂತೆ. ಆದರೆ ಅದೇ ಪ್ರವಾಸದಲ್ಲಿ ಮೆಲ್ಬರ್ನ್ ಟೆಸ್ಟಿನ ಎರಡು ಸರದಿಯಲ್ಲೂ ತಲಾ 52 ರನ್ನಿಗೆ ಆರಾರು ವಿಕೆಟ್ ಕಿತ್ತು, ಆಸ್ಟ್ರೇಲಿಯಾದಲ್ಲಿ ಭಾರತದ ಮೊತ್ತಮೊದಲ ಗೆಲುವಿಗೆ ಕಾರಣರಾದರು. ಅವರು ಆಡಿದ ಟೆಸ್ಟುಗಳಲ್ಲಿ ಭಾರತ ಗೆದ್ದದ್ದು 14. ಆ ಹದಿನಾಲ್ಕರಲ್ಲೇ ಅವರ ವಿಕೆಟ್ 98. ಬ್ಯಾಟು ಹಿಡಿಯಲು ಆಗಲಿಲ್ಲ ಎಂದು ತಂಡದಲ್ಲಿ ಯಾರೂ ಅವರನ್ನು ಮೂಲೆಗೆ ಕೂರಿಸಲಿಲ್ಲ. ಅದು ಬೇರೆಯವರು ಮಾಡಿದರಾಯಿತು ಎಂದು ಬಿಟ್ಟರು. 1972ರಲ್ಲಿ ಪದ್ಮಶ್ರೀ ಬಂತು. 1979ರಲ್ಲಿ ಕೊನೆಯ ಟೆಸ್ಟ್ ಆಡಿದರು.

ವಿಧಿ ಅಲ್ಲಿಗೂ ಬಿಡಲಿಲ್ಲ. 1991ರಲ್ಲಿ ಲಾರಿ ಅಪಘಾತದಲ್ಲಿ ಕಾಲಿಗೆ ಭಾರಿ ಪೆಟ್ಟಾಗಿ ತಿಂಗಳುಗಟ್ಟಲೆ ಆಸ್ಪತ್ರೆ, ಆಮೇಲೆ ಊರುಗೋಲು. ಬಾಲ್ಯದಲ್ಲಿ ಕೈ, ನಡುವಯಸ್ಸಿನಲ್ಲಿ ಕಾಲು. ಇದನ್ನು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಪೋಲಿಯೊ ಮಾತು ಬಂದದ್ದರಿಂದ ಒಂದು ವಿಷಯ. 1995ರಲ್ಲಿ ಶುರುವಾದ ಪಲ್ಸ್ ಪೋಲಿಯೊ ಹನಿಗಳಿಂದ, 2011ರ ಜನವರಿಯ ನಂತರ ನಮ್ಮ ದೇಶದಲ್ಲಿ ಕಾಡು ಪೋಲಿಯೊ ವೈರಸ್ಸಿನಿಂದ ಒಂದು ಮಗುವಿಗೂ ರೋಗ ತಗುಲಿದ ವರದಿಯಿಲ್ಲದೆ, 2014ರ ಮಾರ್ಚ್ 27ರಂದು ಭಾರತ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ಹಾಗೆಂದು ಹನಿ ಹಾಕಿಸುವುದನ್ನು ಬಿಡಬೇಡಿ. ರೋಗ ಬೇರೆ ದೇಶಗಳಲ್ಲಿ ಇನ್ನೂ ಇದೆ.

ಮರುದಿನ ನಾನು ಮೂರನೇ ಮನೆಗೆ ಹೋದೆ. ಹಿಂದೆ ತಲೆಯಾಡಿಸಿದ್ದೆನಲ್ಲ, ಆ ತಪ್ಪೊಪ್ಪಿಗೆಯಿಂದಲೇ ಮಾತು ತೆಗೆದೆ. ಅವನಮ್ಮನಿಗೆ ಚಂದ್ರಶೇಖರರ ಕಥೆ ಹೇಳಿದೆ. "ಅವರು ದೊಡ್ಡೋರು ಅಕ್ಕಾ, ನಮ್ಮಂಥೋರಿಗೆಲ್ಲ ಅದು ಆಗುತ್ಯೇ?" ಅಂದಳು. ಮಗ ಟೆಸ್ಟ್ ಆಡಬೇಕೆಂದು ನಾನೇನೂ ಹೇಳಲಿಲ್ಲ. ಮೊದಲು ಮೂಳೆ ವೈದ್ಯರಿಗೆ ತೋರಿಸು, ಆಡಿದರೆ ಕೈಗೆ ತೊಂದರೆಯೋ ಅನುಕೂಲವೋ ಅವರೇ ಹೇಳಲಿ ಅಂದೆ. ಹದಿನೈದು ದಿನ ಅವಳು ಆ ವಿಷಯವನ್ನೇ ಎತ್ತಲಿಲ್ಲ. ಕೊನೆಗೆ ಒಂದು ದಿನ ಗಂಡನನ್ನು ಹೊರಡಿಸಿಕೊಂಡು ತೋರಿಸಿಕೊಂಡು ಬಂದಳು. ರಬ್ಬರ್ ಚೆಂಡು ಹಿಡಿದು ಅಮುಕುವುದನ್ನು ದಿನಾ ಮಾಡಿಸಿ, ಆಡಲು ಬಿಡಿ ಎಂದು ವೈದ್ಯರೇ ಹೇಳಿದರಂತೆ.

ಹುಡುಗರು ಮೊದಲ ಎರಡು ದಿನ ಮುಖ ಮುಖ ನೋಡಿಕೊಂಡರು. ಮೂರನೆಯ ದಿನ ಅವರೇ ಒಂದು ಕಾನೂನು ಮಾಡಿದರು, ಇವನು ಬೌಲಿಂಗ್ ಹತ್ತಿರದಿಂದ ಹಾಕಬಹುದು, ಚೆಂಡು ಎಡಗೈಯಲ್ಲಿ ಎಸೆಯಬಹುದು. ಅವನ ಹಳೇ ನೋಟ್‌ಬುಕ್ಕು ಈಗ ನನ್ನ ಮಡಿಲಿಗೆ ಬಂದು ಬಿದ್ದಿದೆ. ಸಂಜೆ ಹೂ ಕಟ್ಟುತ್ತ ಜಗುಲಿಯಲ್ಲಿ ಕೂತು ರನ್ ಬರೆಯುವವಳು ನಾನೇ. ಮೊನ್ನೆ ವೈಡ್ ಬಾಲಿಗೆ ರನ್ ಬರೆಯುವುದು ಮರೆತೆನೆಂದು ಆ ಪುಟ್ಟ ಬೌಲರೇ ಓಡಿಬಂದು ನನ್ನನ್ನು ಗದರಿಸಿ ಹೋದ.