ಕಂಬ ಚೆಂದ ಐತಿ, ಬಾಗ್ಲಾ ಎಲ್ಲೈತಿ?

ವಿಡಿಯೊ ಗೇಮ್ ಮಾಡುವ ತಂಡದಲ್ಲಿ ನನ್ನ ಕೆಲಸ ಲೆವೆಲ್ ಡಿಸೈನ್. ಆಡುವವರು ಎಲ್ಲಿಂದ ಒಳಗೆ ಬರಬೇಕು, ಮೊದಲು ಏನು ಕಾಣಬೇಕು, ಎಲ್ಲಿ ಹೆದರಬೇಕು ಎಂದು ಗೊತ್ತುಮಾಡುವವನು ನಾನು. ಊರು ಗಂಗಾವತಿ, ದುಡಿಮೆ ಬೆಂಗಳೂರಲ್ಲಿ. ನಮ್ಮ ಕಲಾವಿದ ಕುಷ್ಟಗಿಯ ಹುಡುಗ. ಆಟದೊಳಗಿನ ಗುಡಿಗೆ ಮಾದರಿ ಹುಡುಕಿಕೊಂಡು ಅವನು ಹೋದದ್ದು ಇಟಗಿಗೆ. ಚಾಲುಕ್ಯ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ, ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಕೊಂಡಾಡಿದ ಗುಡಿ ಅದು. ಹಿಂದೆ ಯಲಬುರ್ಗಾ ತಾಲ್ಲೂಕಿನಲ್ಲಿತ್ತು, ಈಗ ಕುಕನೂರಿಗೆ ಸೇರಿದೆ. ಅಲ್ಲಿನ ಕಂಬಗಳ ಒಂದೊಂದು ಬಳೆಯನ್ನೂ ಅಂಚನ್ನೂ ಅವನು ಪರದೆಯ ಮೇಲೆ ಮೂಡಿಸಿದ. ಕಣ್ಣು ಕೀಳಲಾಗದಂಥ ಕೆಲಸ.

ಹೊರಗಿನವರನ್ನು ಕರೆದು ಆಡಿಸಿ ನೋಡುವ ದಿನ ಬಂತು. ಅವತ್ತು ನಾವು ಹಿಂದೆ ಸುಮ್ಮನೆ ಕೂತಿರಬೇಕು, ಸುಳಿವು ಕೊಡುವಂತಿಲ್ಲ. ಆಡಲು ಬಂದ ಕಾಲೇಜು ಹುಡುಗಿ ಕಂಬಗಳನ್ನು ಸುತ್ತಿ ಸುತ್ತಿ ನೋಡಿದಳು. ಅವುಗಳಲ್ಲೇ ಏನೋ ಗುಟ್ಟಿದೆ ಎಂದು ಒಂದೊಂದನ್ನೂ ತಟ್ಟಿದಳು. ಬಾಗಿಲು ಮಾತ್ರ ಕಣ್ಣಿಗೆ ಬೀಳಲಿಲ್ಲ.

“ಅಣ್ಣಾ, ಕೆತ್ತನಿ ತಗದ್ರ ಅದು ಕಂಬನ ಅಲ್ಲ,” ಎಂದ ನಮ್ಮ ಹುಡುಗ.

“ಕಂಬ ಇರ್ಲಿ ತಮ್ಮಾ. ಆಕಿಗೆ ಬಾಗ್ಲಾ ಕಾಣಬೇಕಲ್ಲ?”

ಈ ಜಗ್ಗಾಟ ಎಲ್ಲ ತಂಡಗಳಲ್ಲೂ ಇದ್ದದ್ದೇ. ಸೆಕೆಂಡಿಗೆ 60 ಚಿತ್ರ ಓಡಬೇಕಾದರೆ ಒಂದೊಂದು ಚಿತ್ರಕ್ಕೆ ಕಂಪ್ಯೂಟರಿಗೆ ಸಿಗುವುದು ಸುಮಾರು 16 ಮಿಲಿಸೆಕೆಂಡ್. ಕಂಬದ ಕೆತ್ತನೆ, ದೀಪದ ನೆರಳು, ಶತ್ರುವಿನ ನಡೆ, ಎಲ್ಲಕ್ಕೂ ಅಷ್ಟರಲ್ಲೇ ಪಾಲು. ಒಬ್ಬರು ಹೆಚ್ಚು ತಿಂದರೆ ಆಟ ತಡವರಿಸುತ್ತದೆ, ಗುಂಡಿ ಒತ್ತಿದ ಮೇಲೆ ಪಾತ್ರ ತಡವಾಗಿ ಜಿಗಿಯುತ್ತದೆ. ಇದಕ್ಕಿಂತಲೂ ಇಕ್ಕಟ್ಟಾದದ್ದು ಆಡುವವರ ಗಮನ.

ಹಾಗೆಂದು ಕಲೆಯನ್ನು ಸವರಿಹಾಕುವುದಕ್ಕೆ ನಾನು ಒಪ್ಪುವವನಲ್ಲ. 2023ರ ‘ರೆಸಿಡೆಂಟ್ ಈವಿಲ್ 4’ರಲ್ಲಿ ಒಡೆಯಬಹುದಾದ ಪೀಪಾಯಿ, ಪೆಟ್ಟಿಗೆಗಳಿಗೆ ಹಳದಿ ಬಣ್ಣ ಬಳಿದಿದ್ದರು. ಗುರುತು ಸಿಗುತ್ತಿತ್ತು, ನಿಜ. ಆದರೆ ಆ ಹಾಳೂರಿನ ಭಯವೇ ಕೆಟ್ಟಿತೆಂದು ಎಷ್ಟೋ ಆಟಗಾರರು ಬೇಸರಪಟ್ಟರು. ಅವರ ಬೇಸರ ನನ್ನದೂ ಹೌದು.

ಉತ್ತರ ಇಟಗಿಯಲ್ಲೇ ಇತ್ತು. ಹುಡುಗನೇ ತನ್ನ ಫೋಟೊಗಳನ್ನು ಮತ್ತೆ ತೆರೆದು ತೋರಿಸಿದ. ಬೆಳಕು ತುಂಬಿದ ತೆರೆದ ಮಂಟಪದಿಂದ ಒಳಗೆ ನಡೆದಂತೆ ಕತ್ತಲು ಹೆಚ್ಚುತ್ತದೆ, ಬಾಗಿಲವಾಡದ ಸುತ್ತ ಕೆತ್ತನೆ ಕಿಕ್ಕಿರಿಯುತ್ತದೆ, ಗರ್ಭಗುಡಿಯಲ್ಲಿ ಲಿಂಗ ಮಾತ್ರ ಸರಳವಾಗಿ ನಿಂತಿರುತ್ತದೆ. ಎಷ್ಟೋ ಶಿಲ್ಪಿಗಳ ಕೈಚಳಕ ಅಲ್ಲಿದೆ, ಆದರೂ ನಮ್ಮ ಕಾಲು ತಾನಾಗಿ ಒಳಕ್ಕೇ ಎಳೆಯುತ್ತದೆ. ಅವನು ಕಂಬಗಳನ್ನು ಹಾಗೇ ಬಿಟ್ಟು ಅವುಗಳ ಮೇಲಿನ ಬೆಳಕು ತಗ್ಗಿಸಿದ, ತನ್ನ ಅತಿ ಸೂಕ್ಷ್ಮ ಕುಸುರಿಯನ್ನು ಬಾಗಿಲವಾಡಕ್ಕೆ ಕೊಟ್ಟ. ಆಮೇಲೆ ಆಡಿದವರು ಕಂಬವನ್ನೂ ನೋಡಿದರು, ಬಾಗಿಲನ್ನೂ ದಾಟಿದರು.

ಈಗ ಸಂಗೀತದವರ ಜೊತೆ ಕೂರಬೇಕು. ಅವರ ನಗಾರಿ ಎಷ್ಟು ಚೆನ್ನಾಗಿದೆಯೆಂದರೆ, ಹಿಂದಿನಿಂದ ಬರುವ ಶತ್ರುವಿನ ಹೆಜ್ಜೆ ಕೇಳುವುದೇ ಇಲ್ಲ.