ದ್ವಾರ ಸರ್ವರಿನಿಂದ ಸೇವಾವಿವರಣ ಪತ್ರವನ್ನು ಪಡೆಯುವ ಕ್ರಮ

ಒಂದು ಗಣಕಯಂತ್ರವು ಮತ್ತೊಂದರಿಂದ ಕೆಲಸ ಮಾಡಿಸಿಕೊಳ್ಳಬೇಕಾದರೆ ಏನನ್ನು ಕೇಳಬಹುದು, ಯಾವ ರೂಪದಲ್ಲಿ ಕೇಳಬೇಕು, ಉತ್ತರವು ಹೇಗೆ ಬರುವುದು ಎಂಬುದು ಅದಕ್ಕೆ ಮೊದಲೇ ತಿಳಿದಿರಬೇಕು. ಈ ಸಂಗತಿಗಳನ್ನು ಬರೆದಿಡಲು ಏರ್ಪಟ್ಟ ಭಾಷೆಯೇ ಡಬ್ಲ್ಯುಎಸ್‌ಡಿಎಲ್. ಇದರ 1.1ನೆಯ ಆವೃತ್ತಿ 2001ರಲ್ಲಿ ಪ್ರಕಟವಾಯಿತು, 2007ರಲ್ಲಿ 2.0 ಆವೃತ್ತಿಯೂ ಹೊರಬಂದಿತಾದರೂ ಬಳಕೆಯಲ್ಲಿ ನೆಲೆನಿಂತುದು ಮೊದಲನೆಯದೇ.

ಈ ಪತ್ರದೊಳಗೆ ಎರಡು ಬಗೆಯ ವಿಷಯಗಳಿರುವುದನ್ನು ವಿದ್ಯಾರ್ಥಿಗಳು ಗಮನಿಸತಕ್ಕದ್ದು. ಸಂದೇಶಗಳ ಆಕಾರ, ಕ್ರಿಯೆಗಳ ಹೆಸರು, ಸಾಗಣೆಯ ವಿಧಾನ ಇವು ಒಂದು ಬಗೆ. ಸೇವೆಯು ನಡೆಯುವ ಸ್ಥಳದ ವಿಳಾಸ, ಪತ್ರದ ಕಡೆಯ ಭಾಗದಲ್ಲಿ ಬರುವುದು, ಇನ್ನೊಂದು. ಸಾಧಾರಣವಾಗಿ ಸೇವೆಯ ವಿಳಾಸದ ತುದಿಗೆ ಪ್ರಶ್ನಾರ್ಥಕ ಚಿಹ್ನೆಯನ್ನೂ ಆ ಭಾಷೆಯ ಹೆಸರನ್ನೂ ಸೇರಿಸಿ ಕೇಳಿದರೆ ಪತ್ರವು ದೊರೆಯುತ್ತದೆ. ಇದು ರೂಢಿಯೇ ಹೊರತು ನಿಯಮವಲ್ಲ.

ಸೇವೆಗೂ ಗ್ರಾಹಕನಿಗೂ ನಡುವೆ ದ್ವಾರ ಸರ್ವರು, ಅಂದರೆ ಗೇಟ್‌ವೇ, ನಿಂತಾಗ ತೊಡಕು ಹುಟ್ಟುತ್ತದೆ. ಒಳಗಿನ ಯಂತ್ರವು ತನಗೆ ತಿಳಿದ ಒಳವಿಳಾಸವನ್ನೇ ಪತ್ರದಲ್ಲಿ ಬರೆದಿರುತ್ತದೆ. ದ್ವಾರವು ಅದನ್ನು ಹಾಗೆಯೇ ದಾಟಿಸಿದರೆ, ಗ್ರಾಹಕನು ಆ ವಿಳಾಸವನ್ನು ಹುಡುಕಿ ಸೋಲುತ್ತಾನೆ. ಇಲ್ಲವೆ, ದಾರಿ ತೆರೆದಿದ್ದರೆ, ಕಾವಲನ್ನು ಬಳಸಿಕೊಂಡು ನೇರವಾಗಿ ಒಳಹೊಗುತ್ತಾನೆ. ಎರಡನೆಯದೇ ಹೆಚ್ಚು ಅಪಾಯಕರ. ಎಲ್ಲವೂ ಸರಿಯಾಗಿ ನಡೆಯುತ್ತಿರುವಂತೆ ತೋರುವುದರಿಂದ ಯಾರೂ ವಿಚಾರಿಸುವುದಿಲ್ಲ.

ಎಸ್ತೋನಿಯಾ ದೇಶದಲ್ಲಿ 2001ರಲ್ಲಿ ಆರಂಭವಾದ ಎಕ್ಸ್-ರೋಡ್ ಎಂಬ ದತ್ತಾಂಶ ವಿನಿಮಯ ಪದ್ಧತಿ ಇದಕ್ಕೆ ಉತ್ತಮ ನಿದರ್ಶನ. ಅಲ್ಲಿ ಸದಸ್ಯ ಸಂಸ್ಥೆಗಳ ನಡುವಣ ಸಂದೇಶಗಳು ಭದ್ರತಾ ಸರ್ವರುಗಳೆಂಬ ದ್ವಾರಗಳ ಮೂಲಕವೇ ಸಾಗಬೇಕು. ವಿವರಣಪತ್ರವನ್ನು ಪಡೆಯುವುದಕ್ಕೂ ‘ಗೆಟ್‌ಡಬ್ಲ್ಯುಎಸ್‌ಡಿಎಲ್’ ಎಂಬ ಪ್ರತ್ಯೇಕ ಸೇವೆಯುಂಟು. ಕೇಳುವವನು ತನ್ನ ಕಡೆಯ ಭದ್ರತಾ ಸರ್ವರಿಗೆ ಸೋಪ್ ಸಂದೇಶವೊಂದನ್ನು ಕಳುಹಿಸುತ್ತಾನೆ. ಅದರ ಶಿರೋಭಾಗದಲ್ಲಿ ತಾನು ಯಾರು, ಯಾವ ಸದಸ್ಯನನ್ನು ಕೇಳುತ್ತಿದ್ದೇನೆ ಎಂಬ ಗುರುತುಗಳೂ, ಒಡಲಿನಲ್ಲಿ ಬೇಕಾದ ಸೇವೆಯ ಸಂಕೇತವೂ ಇರುತ್ತವೆ. ಎದುರು ಪಕ್ಷದ ಭದ್ರತಾ ಸರ್ವರು ತನ್ನಲ್ಲಿ ನೋಂದಾಯಿಸಿರುವ ವಿಳಾಸದಿಂದ ಪತ್ರವನ್ನು ತರಿಸಿ, ಉತ್ತರಕ್ಕೆ ಲಗತ್ತಿಸಿ ಕಳುಹಿಸುತ್ತದೆ.

ಕಳುಹಿಸುವ ಮುನ್ನ ಅದು ಸೇವೆಯ ನಿಜವಾದ ವಿಳಾಸವನ್ನು ಅಳಿಸಿ, ಆ ಸ್ಥಾನದಲ್ಲಿ ಹೆಸರಿಗೆ ಮಾತ್ರವಾದ ಒಂದು ವಿಳಾಸವನ್ನಿಡುತ್ತದೆ. ಮೊದಲ ಸಲ ನೋಡಿದವರಿಗೆ ಇದು ದೋಷವೆಂದೇ ತೋರಬಹುದು. ಆ ವಿಳಾಸಕ್ಕೆ ಹೋದರೆ ಸೇವೆಯು ಸಿಕ್ಕದಷ್ಟೆ! ಆದರೆ ಗ್ರಾಹಕನಿಗೆ ಬೇಕಾದುದು ಮಾತಿನ ಆಕಾರವೇ ಹೊರತು ಮನೆಯ ವಿಳಾಸವಲ್ಲ. ಅವನು ಮಾತನಾಡಬೇಕಾದುದು ತನ್ನದೇ ದ್ವಾರದೊಡನೆ. ವಿಳಾಸವನ್ನು ತಿದ್ದಿ ದ್ವಾರದ ವಿಳಾಸವನ್ನು ಬರೆಯುವ ಪದ್ಧತಿಗಳೂ ಬೇರೆಡೆ ಉಂಟು. ಒಂದೇ ದ್ವಾರವಿರುವಲ್ಲಿ ಅದು ಸಾಕು. ಪ್ರತಿಯೊಬ್ಬ ಗ್ರಾಹಕನಿಗೂ ತನ್ನದೇ ದ್ವಾರವಿರುವ ಎಡೆಯಲ್ಲಿ ಯಾವುದೊಂದನ್ನು ಬರೆಯುವುದು?

ಇನ್ನೊಂದು ಸೂಕ್ಷ್ಮವುಂಟು. ಪತ್ರವು ಕೇಳಿದಾಗಲೇ ಮೂಲದಿಂದ ಬರುತ್ತದೆ; ದ್ವಾರದಲ್ಲಿರುವ ಸೇವೆಗಳ ಪಟ್ಟಿಯಾದರೋ ನಿರ್ವಾಹಕನು ನವೀಕರಿಸಿದಾಗ ಮಾತ್ರ ಬದಲಾಗುತ್ತದೆ. ಆದುದರಿಂದ ಹೊಸದಾಗಿ ಸೇರಿಸಿದ ಕ್ರಿಯೆಯು ಪತ್ರದಲ್ಲಿ ಕಂಡರೂ ದ್ವಾರವು ಅದನ್ನು ಅರಿಯದೆ ಕೇಳಿಕೆಯನ್ನು ತಳ್ಳಿಹಾಕುವ ಸಂಭವವುಂಟು. ಅಂಥ ಸಂದರ್ಭದಲ್ಲಿ ಪತ್ರದಲ್ಲಿ ತಪ್ಪು ಹುಡುಕುವ ಮೊದಲು ನವೀಕರಣವಾಗಿದೆಯೇ ಎಂದು ವಿಚಾರಿಸುವುದು ಯುಕ್ತ.